ಸಾವಿನ ಸುದ್ದಿ ಒಯ್ದವರ ಸಾವು

ಊರಾಗ ಯಾರಾದರೂ ಸತ್ತರೆ ಸುದ್ದಿ ಮುಟ್ಟಿಸುವ ಕೆಲಸ ನಮ್ಮ ಕೇರಿಯದಾಗಿತ್ತು. ಗೌಡರ ಮನೆಯ ಮುದುಕಿ ಕಣ್ಣು ಮುಚ್ಚಿದಳೆಂದರೆ ಲಿಂಗಸುಗೂರಿನಿಂದ ಮುದಗಲ್ಲಿಗೆ, ಮಸ್ಕಿಗೆ, ಸಿಂಧನೂರು ಕಡೆಯ ಬೀಗರ ಊರುಗಳಿಗೆ ನಮ್ಮ ಮುತ್ಯಾಗಳು ನಡೆದುಕೊಂಡೇ ಹೋಗುತ್ತಿದ್ದರು. ಹಗಲೋ ರಾತ್ರಿಯೋ, ಉಂಡಿದ್ದಾರೋ ಇಲ್ಲವೋ, ಕೇಳುವವರಿಲ್ಲ. ಹೋದ ಊರಿನಾಗ ಕಟ್ಟೆಯ ಕೆಳಗೆ ನಿಂತು, ‘ಇಂಥವರು ತೀರಿಕೊಂಡಾರ್ರೀ ಯಪ್ಪಾ, ನಾಳೆ ಮಣ್ಣು ಐತ್ರೀ’ ಎಂದು ಕೂಗಿ ಹೇಳಬೇಕು. ಹೊಸ್ತಿಲು ದಾಟುವಂತಿಲ್ಲ. ಮೇಲಿನಿಂದ ಹಾಕಿದ ಹಿಡಿ ಜೋಳವನ್ನು ವಸ್ತ್ರದ ಚುಂಗಿಗೆ ಕಟ್ಟಿಕೊಂಡು ತಿರುಗಿ ಬರಬೇಕು. ಬಂದ ಮೇಲೆ ಕುಣಿ ತೋಡುವವರೂ ನಾವೇ, ಹೆಣದ ಮುಂದೆ ಹಲಗಿ ಬಾರಿಸುವವರೂ ನಾವೇ. ಕೂಲಿ ಕೇಳಿದರೆ, ‘ಇದು ನಿಮ್ಮ ಪಾಲಿಗೆ ಬಂದ ಚಾಕರಿ, ಇದಕ್ಕೇನು ಕೂಲಿ?’ ಎಂಬ ಉತ್ತರ.

ಸುದ್ದಿ ಒಯ್ಯುವವನೇ ಸತ್ತರೆ? ಅವನ ಸುದ್ದಿಯನ್ನು ಯಾರೂ ಒಯ್ಯಲಿಲ್ಲ. ಚಾವಡಿಯ ದಫ್ತರ ಬರೆಯುವ ಕೈ ಕುಲಕರ್ಣಿಯದು. ತಾಲೂಕು ಕಚೇರಿಗೆ ಹೋದರೆ ಅಲ್ಲಿನ ಭಾಷೆ ನಿಜಾಮರ ಕಾಲದ ಉರ್ದು. ಕೇರಿಗೆ ಬಂದು ‘ನಿಮ್ಮಲ್ಲಿ ಯಾರು ಸತ್ತಾರ?’ ಎಂದು ಕೇಳಬೇಕಾದವನು ಕೇರಿಗೆ ಕಾಲಿಡುವವನೇ ಅಲ್ಲ, ಇಟ್ಟರೆ ಮೈಲಿಗೆ. ಹೀಗಿರುವಾಗ ನಮ್ಮ ಸಾವು ಲೆಕ್ಕಕ್ಕೆ ಹತ್ತುವುದಾದರೂ ಹೇಗೆ?

ಹಳೆಯ ಈ ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಕಾರಣವಿದೆ. 2022ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಹೊರಗೆ ಹಾಕಿತು. 2020 ಮತ್ತು 2021ರಲ್ಲಿ ಭಾರತದ ಹೆಚ್ಚುವರಿ ಸಾವು ಸುಮಾರು 47 ಲಕ್ಷ ಎಂದಿತು. ಅದೇ ಎರಡು ವರ್ಷಕ್ಕೆ ನಮ್ಮ ಸರಕಾರದ ಕೊರೊನಾ ಲೆಕ್ಕ 4 ಲಕ್ಷ 81 ಸಾವಿರ. ಹತ್ತು ಪಟ್ಟಿನ ಅಂತರ. ಹೆಚ್ಚುವರಿ ಸಾವು ಅಂದರೆ ಎಂದಿನ ವರ್ಷ ಸಾಯುವವರಿಗಿಂತ ಮಿಕ್ಕಿ ಸತ್ತವರು. ರೋಗ ಬಡಿದು ಸತ್ತವರೂ ಅದರಲ್ಲಿದ್ದಾರೆ, ರೋಗದ ಗದ್ದಲದಲ್ಲಿ ದವಾಖಾನೆ ಸಿಗದೆ ಸತ್ತವರೂ ಇದ್ದಾರೆ. ದಿಲ್ಲಿ ಸರಕಾರಕ್ಕೆ ಸಿಟ್ಟು ಬಂತು. ಈ ಅಂದಾಜಿನ ಗಣಿತ ನಮಗೆ ಹೊಂದುವುದಿಲ್ಲ, ನಮ್ಮಲ್ಲಿ 1969ರ ಕಾಯಿದೆಯ ಪ್ರಕಾರ ಜನನ ಮರಣ ನೋಂದಣಿಯ ಗಟ್ಟಿ ವ್ಯವಸ್ಥೆ ಇದೆ ಎಂದಿತು. ಮೂರು ವರ್ಷ ಕಳೆದು, 2025ರ ಮೇ ತಿಂಗಳಲ್ಲಿ, ಅದೇ ಗಟ್ಟಿ ವ್ಯವಸ್ಥೆಯ 2021ರ ಪಟ್ಟಿ ಹೊರಬಂತು. ನೋಂದಣಿಯಾದ ಸಾವು 2019ರಲ್ಲಿ 76 ಲಕ್ಷ ಚಿಲ್ಲರೆ, 2020ರಲ್ಲಿ 81 ಲಕ್ಷ ಚಿಲ್ಲರೆ, 2021ರಲ್ಲಿ 1 ಕೋಟಿ 2 ಲಕ್ಷ. ಒಂದೇ ವರ್ಷಕ್ಕೆ 21 ಲಕ್ಷ ಹೆಚ್ಚಳ. ಆ ವರ್ಷದ ಸರಕಾರಿ ಕೊರೊನಾ ಸಾವು 3 ಲಕ್ಷ 30 ಸಾವಿರದ ಸುತ್ತ. ನೋಂದಣಿ ಸುಧಾರಿಸಿದ್ದರಿಂದ ಹಾಗೆ ಕಾಣುತ್ತದೆ ಎಂಬ ಮಾತೂ ಇದೆ, ಸ್ವಲ್ಪಮಟ್ಟಿಗೆ ನಿಜವಿದ್ದರೂ ಇರಬಹುದು. ಆದರೆ ದೇಶವೇ ಕದ ಹಾಕಿಕೊಂಡು ಕೂತ ಕಾಲದಲ್ಲಿ ಜನ ಎಂದೂ ಇಲ್ಲದ ಉಮೇದಿನಿಂದ ಕಚೇರಿಗೆ ಹೋಗಿ ಸಾವು ಬರೆಸಿದರು ಅಂದರೆ ನಮಗೆ ನಂಬಲಿಕ್ಕೆ ಆಗುವುದಿಲ್ಲ.

ಸತ್ತವರ ಲೆಕ್ಕ ದೊರೆಗಳಿಗೆ ಹೊಸದಲ್ಲ. ನಮ್ಮ ಪಕ್ಕದ ಮಸ್ಕಿಯಲ್ಲಿ, 1915ರಲ್ಲಿ, ಚಿನ್ನದ ಅದಿರು ಹುಡುಕುತ್ತ ಬಂದಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಅಶೋಕನ ಶಾಸನ ಸಿಕ್ಕಿತು. ಬರಿಯ ಬಿರುದಲ್ಲದೆ ಅಶೋಕ ಎಂಬ ಹೆಸರೇ ಬಂಡೆಯ ಮೇಲೆ ಮೊದಲು ಕಂಡದ್ದು ಅಲ್ಲಿ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಧರ್ಮದ ಫಲ ದಕ್ಕುತ್ತದೆ ಎಂಬ ಅರ್ಥದ ಮಾತು ಅದರಲ್ಲಿದೆ. ಅದೇ ದೊರೆ ಬೇರೆ ಕಡೆ ಕೊರೆಸಿದ 13ನೆಯ ಬಂಡೆಶಾಸನದಲ್ಲಿ ಕಳಿಂಗ ಯುದ್ಧದ ಲೆಕ್ಕ ಕೊಟ್ಟಿದ್ದಾನೆ. ಹಿಡಿದು ಸಾಗಿಸಿದವರು ಒಂದೂವರೆ ಲಕ್ಷ, ಕೊಂದವರು ಒಂದು ಲಕ್ಷ, ಅದರ ಹಲವು ಪಟ್ಟು ಬೇರೆ ಸತ್ತವರು. ಕತ್ತಿಯಿಂದಲ್ಲದೆ ಸತ್ತವರನ್ನೂ ಆತ ತನ್ನ ಲೆಕ್ಕಕ್ಕೆ ಹಚ್ಚಿಕೊಂಡ, ಪಶ್ಚಾತ್ತಾಪಪಟ್ಟ. ಹೆಚ್ಚುವರಿ ಸಾವು ಎಂದು ಈಗ ಪಂಡಿತರು ಹೇಳುತ್ತಾರಲ್ಲ, ಅದು ಇದೇ. ಆದರೆ ಸತ್ತವರ ನಾಡಾದ ಕಳಿಂಗದಲ್ಲಿ, ಧೌಲಿ ಜೌಗಡಗಳ ಬಂಡೆಗಳ ಮೇಲೆ, ಆ 13ನೆಯ ಶಾಸನವನ್ನೇ ಬಿಟ್ಟರು. ಅದರ ಬದಲು ಬೇರೆ ಶಾಸನ ಕೊರೆಸಿದರು. ದೊರೆಯ ಲೆಕ್ಕ ಸತ್ತವರ ಮಕ್ಕಳ ಕಿವಿಗೆ ಬೀಳಬಾರದಿತ್ತೇನೋ. ಬುದ್ಧನ ದಾರಿ ಹಿಡಿದವನೆಂದು ಅಶೋಕನನ್ನು ನಾವು ಗೌರವಿಸುವವರೇ. ಹಂಗಂತ ಇದನ್ನು ಮುಚ್ಚಿಡಬೇಕಾಗಿಲ್ಲ.

ಅಲ್ಲಿಂದ ಈಚೆಗೆ ಬರೋಣ. 1876–78ರ ಬರವನ್ನು ಹಿರಿಯರು ಆ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರ ಎನ್ನುತ್ತಿದ್ದರು. ಮೈಸೂರು ಸೀಮೆಯಲ್ಲಿ 1871ರಲ್ಲಿ ಜನಗಣತಿಯಾಗಿತ್ತು, 50 ಲಕ್ಷ 55 ಸಾವಿರ ಜನ. 1881ರಲ್ಲಿ ಮತ್ತೆ ಎಣಿಸಿದಾಗ ಸಿಕ್ಕವರು 41 ಲಕ್ಷ 86 ಸಾವಿರ. ನಡುವೆ ಹುಟ್ಟಿದ ಕೂಸುಗಳನ್ನು ಸೇರಿಸಿಯೂ ಸುಮಾರು 8 ಲಕ್ಷ 70 ಸಾವಿರ ಕಡಿಮೆ. ಎರಡು ಎಣಿಕೆ ಕೈಯಲ್ಲಿದ್ದವು, ಕಳೆದು ನೋಡಿದರು, ಹತ್ತು ಲಕ್ಷದಷ್ಟು ಜನ ಸತ್ತರೆಂದು ಪುಸ್ತಕಕ್ಕೆ ಬಂತು.

ಬರವೇನು ತುಂಗಭದ್ರೆಯ ಆಚೆ ದಂಡೆಯಲ್ಲೇ ನಿಲ್ಲಲಿಲ್ಲ. ಈಚೆ ಲಿಂಗಸುಗೂರು ಆಗ ಬರಿಯ ತಾಲೂಕಲ್ಲ, ನಿಜಾಮರ ರಾಜ್ಯದ ಒಂದು ಜಿಲ್ಲೆ. 1905ರಲ್ಲಿ ಆ ಜಿಲ್ಲೆಯನ್ನು ಒಡೆದು ಲಿಂಗಸುಗೂರು, ಸಿಂಧನೂರುಗಳನ್ನು ರಾಯಚೂರಿಗೆ ಹಚ್ಚಿದರು. ಹೈದರಾಬಾದ್ ಕಂಟಿಂಜೆಂಟಿನ ದಂಡಿನ ಛಾವಣಿಯೂ ಇಲ್ಲಿತ್ತು. ಇಷ್ಟೆಲ್ಲ ಇದ್ದರೂ ನಮ್ಮ ಕಡೆ ಬರಕ್ಕೆ ಎಷ್ಟು ಜನ ಸತ್ತರೆಂದು ಕಳೆದು ನೋಡುವ ದಾರಿಯೇ ಇಲ್ಲ. ಯಾಕಂದ್ರ ಹೈದರಾಬಾದು ರಾಜ್ಯದ ಮೊದಲ ಜನಗಣತಿ ನಡೆದದ್ದೇ 1881ರಲ್ಲಿ. ಸಾಯುವವರು ಸತ್ತ ಮೇಲೆ ಎಣಿಸುವವರು ಬಂದರು. ಉಳಿದವರನ್ನು ಎಣಿಸಿದರು, ಇದಿಷ್ಟೇ ಜನ ಎಂದು ಬರೆದುಕೊಂಡು ಹೋದರು. ಛಾವಣಿಯ ಕುದುರೆಗಳಿಗೆ ಲೆಕ್ಕ ಇದ್ದಿರಲೇಬೇಕು. ಆ ಕುದುರೆಗಳಿಗೆ ಹುಲ್ಲು ಹೊತ್ತವರದನ್ನು ಕೇಳಬೇಡಿ.

ಮುಂದಿನ ದೊಡ್ಡ ಸಾವು 1918ರದು. ಮಹಾಯುದ್ಧದ ಹಡಗುಗಳೊಡನೆ ಮುಂಬಯಿಗೆ ಇಳಿದ ಇನ್‌ಫ್ಲುಯೆಂಜಾ ಸೆಪ್ಟೆಂಬರ್, ಅಕ್ಟೋಬರಿನ ಹೊತ್ತಿಗೆ ದಖ್ಖನ್ನೆಲ್ಲ ಹಬ್ಬಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಮುದುಕರನ್ನು ಬಿಟ್ಟು ದುಡಿಯುವ ಹರೆಯದವರನ್ನೇ ಆ ಜ್ವರ ಹೆಚ್ಚು ಹೊತ್ತುಕೊಂಡು ಹೋಯಿತು. ಸರಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ ಮೊದಲು ಹೇಳಿದ ಅಂಕಿ, ಇಡೀ ಭಾರತಕ್ಕೆ 60 ಲಕ್ಷ. ಸಾವು ಬರೆಯುವವರೇ ಹಾಸಿಗೆ ಹಿಡಿದಿದ್ದರು, ಬರೆದದ್ದು ಎಷ್ಟು ಅಂತೀರಿ? 1921ರ ಜನಗಣತಿ ಆದ ಮೇಲೆ 60 ಲಕ್ಷ ಹೋಗಿ 1 ಕೋಟಿ 20 ಲಕ್ಷ ದಾಟಿತು. 1951ರಲ್ಲಿ ಕಿಂಗ್‌ಸ್ಲಿ ಡೇವಿಸ್ ಎಂಬ ವಿದ್ವಾಂಸ 1 ಕೋಟಿ 85 ಲಕ್ಷ ಎಂದ. ಆಮೇಲಿನವರ ಅಂದಾಜುಗಳು ಇವೆರಡರ ನಡುವೆ ತೂಗುತ್ತಿವೆ. ಹೈದರಾಬಾದು ರಾಜ್ಯದಲ್ಲಿ 1911ಕ್ಕೆ 1 ಕೋಟಿ 33 ಲಕ್ಷ 74 ಸಾವಿರ ಇದ್ದ ಜನ 1921ಕ್ಕೆ 1 ಕೋಟಿ 24 ಲಕ್ಷ 71 ಸಾವಿರಕ್ಕೆ ಇಳಿದರು. ಬರ, ಪ್ಲೇಗುಗಳೂ ಆ ಹತ್ತು ವರ್ಷದಲ್ಲಿದ್ದವು, ಎಲ್ಲವನ್ನೂ ಒಂದೇ ಜ್ವರದ ತಲೆಗೆ ಕಟ್ಟಲಾಗದು. ಆದರೂ ಈ ಸಲ ಹಿಂದೊಂದು ಎಣಿಕೆ, ಮುಂದೊಂದು ಎಣಿಕೆ ಇದ್ದದ್ದರಿಂದ, ಯಾವ ಚಾವಡಿಯಲ್ಲೂ ಬರೆಯದ ನಮ್ಮವರ ಸಾವು ಕೊನೆಗೆ ಕಾಣೆಯಾದ ತಲೆಗಳ ರೂಪದಲ್ಲಾದರೂ ಕಂಡಿತು.

ಮುಂಬಯಿ ಶಹರದ ಆರೋಗ್ಯಾಧಿಕಾರಿಗಳು ಆ 1918ರ ಸಾವನ್ನು ಜಾತಿವಾರು ಬರೆದಿಟ್ಟರು. ಸಾವಿರ ಜನಕ್ಕೆ ಯುರೋಪಿಯನ್ನರಲ್ಲಿ 8.3, ಪಾರ್ಸಿಗಳಲ್ಲಿ 9, ಸವರ್ಣ ಹಿಂದೂಗಳಲ್ಲಿ 18.9, ಮುಸಲ್ಮಾನರಲ್ಲಿ 19.2, ಕೆಳಜಾತಿಯ ಹಿಂದೂಗಳಲ್ಲಿ 61.6. ಸವರ್ಣರಲ್ಲಿ ಒಬ್ಬ ಸತ್ತರೆ ನಮ್ಮವರಲ್ಲಿ ಮೂರು ಜನ. ಜ್ವರಕ್ಕೆ ಜಾತಿಯಿಲ್ಲ ಎಂದು ಭಾಷಣ ಮಾಡುತ್ತಾರೆ, ಖರೆ, ಜ್ವರಕ್ಕೆ ಇಲ್ಲ. ಒಂದೇ ಖೋಲಿಯಲ್ಲಿ ಹತ್ತು ಜನ ಮಲಗುವ ಚಾಳಿಗೆ ಜಾತಿಯಿತ್ತು, ಕೂಳಿಗೆ ಜಾತಿಯಿತ್ತು. ಅದೇ 1918ರ ನವೆಂಬರಿನಲ್ಲಿ ಬಾಬಾಸಾಹೇಬರು ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿಗೆ ಪ್ರೊಫೆಸರರಾಗಿ ಸೇರಿದರು. ಅವರು ಕಾಲೇಜಿಗೆ ನಡೆದು ಹೋದ ದಾರಿಯಲ್ಲಿ ಎಷ್ಟು ಹೆಣ ಎದುರಾದವೋ.

ಬ್ರಿಟಿಷರ ಆಳ್ವಿಕೆಯನ್ನು ಹೊಗಳುವ ದರ್ದು ನಮಗಿಲ್ಲ. ಆದರೆ ಆ ಒಂದು ಸಾಲು ಬರೆದಿದ್ದಕ್ಕೇ 61.6 ಎಂಬ ಅಂಕಿ ಇವತ್ತು ನಮ್ಮ ಬಾಯಲ್ಲಿದೆ. 2020ರಿಂದ ಕರ್ನಾಟಕ ಸರಕಾರ ದಿನವೂ ಸಂಜೆ ಕೊರೊನಾ ಬುಲೆಟಿನ್ ಹೊರಡಿಸಿತು. ಸತ್ತವರ ವಯಸ್ಸು, ಗಂಡೋ ಹೆಣ್ಣೋ, ಯಾವ ಜಿಲ್ಲೆ, ಸಕ್ಕರೆ ಕಾಯಿಲೆ ಇತ್ತೇ, ಎಲ್ಲವೂ ಅದರಲ್ಲಿರುತ್ತಿತ್ತು. ಜಾತಿಯ ಸಾಲು ಇರಲಿಲ್ಲ. ಕೇಳಿದರೆ, ‘ಸಾವಿನಾಗೂ ಜಾತಿ ನೋಡ್ತೀರೇನ್ರಿ?’ ಎಂದು ನಮಗೇ ಬುದ್ಧಿ ಹೇಳುತ್ತಾರೆ. ಸುಡುಗಾಡನ್ನು ಜಾತಿಗೊಂದರಂತೆ ಹಂಚಿಕೊಂಡವರು ಇದನ್ನು ಹೇಳುತ್ತಾರೆ!

ಕೊರೊನಾ ಸಾವಿನ ಕಥೆ ನಮ್ಮ ಸೀಮೆಯಿಂದಲೇ ಶುರುವಾಯಿತು. ದೇಶದ ಮೊದಲ ಕೊರೊನಾ ಸಾವು ಎಂದು ದಾಖಲಾದದ್ದು ಕಲಬುರಗಿಯ ಹಿರಿಯರೊಬ್ಬರದು, 2020ರ ಮಾರ್ಚ್ 10ರಂದು. ಮಾರ್ಚ್ 10 ಎಂದರೆ ನಮಗೆ ಇನ್ನೊಂದು ಸಾವಿನ ನೆನಪು. 1897ರಲ್ಲಿ ಅದೇ ದಿನ ಸಾವಿತ್ರಿಬಾಯಿ ಫುಲೆ ತೀರಿಕೊಂಡರು. ಪುಣೆಯ ಪ್ಲೇಗಿನಲ್ಲಿ ಮಹಾರವಾಡೆಯ ಹುಡುಗನನ್ನು ಹೆಗಲ ಮೇಲೆ ಹೊತ್ತು ಮಗ ಯಶವಂತನ ದವಾಖಾನೆಗೆ ತಂದ ತಾಯಿ, ಅದೇ ರೋಗ ತಗುಲಿ ಸತ್ತರು. ಆ ಪ್ಲೇಗಿಗೆಂದೇ ಬ್ರಿಟಿಷರು 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿದ್ದರು. ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ ಎಂಬ ಕಲಮೂ ಅದರಲ್ಲಿದೆ. 123 ವರ್ಷ ಕಳೆದ ಮೇಲೆ ಕರ್ನಾಟಕ ಕೊರೊನಾಕ್ಕೆ ಮೊದಲು ಎತ್ತಿಕೊಂಡದ್ದು ಅದೇ ಕಾಯಿದೆಯನ್ನು. ಸಾವಿತ್ರಿಬಾಯಿಯ ಹೆಗಲು ಯಾವ ಕಾಯಿದೆಯಲ್ಲೂ ಬರಲಿಲ್ಲ.

ಕಲಬುರಗಿಯ ಸಾವಾಗಿ ನಾಲ್ಕು ದಿನಕ್ಕೆ, ಮಾರ್ಚ್ 14ರಂದು, ದಿಲ್ಲಿಯ ಗೃಹ ಇಲಾಖೆ ಕೊರೊನಾದಿಂದ ಸತ್ತವರ ಮನೆಗೆ 4 ಲಕ್ಷ ರೂಪಾಯಿ ಎಂದು ಆದೇಶ ಹೊರಡಿಸಿತು. ಅದೇ ದಿನ ಆ ಸಾಲನ್ನು ಹೊಡೆದುಹಾಕಿ ಹೊಸ ಆದೇಶ ಬಂತು. ಸಾವಿನ ಅಂಕಿಯನ್ನು ರೂಪಾಯಿಯಿಂದ ಗುಣಿಸಿದರೆ ಬೊಕ್ಕಸಕ್ಕೆ ಎಷ್ಟು ಭಾರ ಎಂದು ಯಾರೋ ಗುಣಿಸಿ ನೋಡಿರಬೇಕು. ಮುಂದೆ 2021ರ ಜೂನಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ 4 ಲಕ್ಷ ಕೊಡಲಾಗದು ಎಂದೇ ವಾದಿಸಿದರು.

ಲಾಕ್‌ಡೌನು ಬಂತು. ನಮ್ಮ ತಾಲೂಕುಗಳ ಜನ ಗುಳೆ ಹೋಗುವವರು. ಬೆಂಗಳೂರು, ಪುಣೆ, ಗೋವಾ, ಎಲ್ಲಿ ಕಟ್ಟಡ ಏಳುತ್ತದೆಯೋ ಅಲ್ಲಿ ನಮ್ಮವರ ತಟ್ಟಿನ ಗುಡಿಸಲು. ಕೆಲಸ ನಿಂತಿತು, ಬಸ್ಸು ನಿಂತಿತು, ಕಾಲು ಮಾತ್ರ ನಿಲ್ಲಲಿಲ್ಲ. ಬೆಂಗಳೂರಿನಿಂದ ಸಿಂಧನೂರು ಕಡೆಗೆ ನಡೆದು ಹೊರಟ ಒಬ್ಬ ಕೂಲಿ ಹೆಣ್ಣುಮಗಳು ಊರು ಮುಟ್ಟಲಿಲ್ಲ, 2020ರ ಏಪ್ರಿಲಿನಲ್ಲಿ ಬಳ್ಳಾರಿಯ ದವಾಖಾನೆಯಲ್ಲಿ ಸತ್ತಳು. ಹಸಿವಿನಿಂದ ಸತ್ತಳು ಎಂದರು ಅವಳ ಕಡೆಯವರು, ಮೊದಲೇ ಬೇನೆಯಿತ್ತು ಎಂದರು ಅಧಿಕಾರಿಗಳು. ಅವಳು ಕೊರೊನಾದ ಲೆಕ್ಕದಲ್ಲಿಲ್ಲ. ಹಸಿವಿನ ಲೆಕ್ಕ ಎಂಬ ಪಟ್ಟಿಯೇ ಈ ದೇಶದಲ್ಲಿಲ್ಲ. ಆ ವರ್ಷ ಸೆಪ್ಟೆಂಬರ್ 14ರಂದು ಲೋಕಸಭೆಯಲ್ಲಿ, ವಲಸೆ ಕೂಲಿಕಾರರು ಎಷ್ಟು ಜನ ಸತ್ತರು ಎಂದು ಕೇಳಿದ್ದಕ್ಕೆ ಕಾರ್ಮಿಕ ಇಲಾಖೆ ಕೊಟ್ಟ ಉತ್ತರ: ಅಂಥ ಮಾಹಿತಿ ಇಟ್ಟಿಲ್ಲ. ಮಾಹಿತಿ ಇಲ್ಲದ್ದರಿಂದ ಪರಿಹಾರದ ಪ್ರಶ್ನೆಯೂ ಬರುವುದಿಲ್ಲ. ಕುಲಕರ್ಣಿಯ ದಫ್ತರ ಎಲ್ಲಿಗೂ ಹೋಗಿಲ್ಲ ಎಂದು ನಮಗೆ ಅವತ್ತು ಅನ್ನಿಸಿತು.

ಎರಡನೆಯ ಅಲೆಯ ಮಾತಿಗೆ ಬಂದರೆ ಮತ್ತೆ ಮಸ್ಕಿಗೇ ಬರಬೇಕು. 2018ರ ಚುನಾವಣೆಯಲ್ಲಿ ಅಲ್ಲಿ ಗೆದ್ದವರ ಅಂತರ 213 ಮತ. ಆ 213ಕ್ಕಾಗಿ ಹೈಕೋರ್ಟಿನವರೆಗೆ ವ್ಯಾಜ್ಯ ನಡೆಯಿತು. ಗೆದ್ದವರು ರಾಜೀನಾಮೆ ಕೊಟ್ಟರು, 2021ರ ಏಪ್ರಿಲ್ 17ಕ್ಕೆ ಉಪಚುನಾವಣೆ ಬಂತು. ರೋಗ ಏರುತ್ತಿದ್ದ ದಿನಗಳಲ್ಲೇ ಹಳ್ಳಿಹಳ್ಳಿಗೆ ಮೆರವಣಿಗೆ, ಸಭೆ, ಹೂವಿನ ಹಾರ. ಉಪಚುನಾವಣೆಗಳ ಪ್ರಚಾರದಲ್ಲಿ ತಿರುಗಿದ್ದ ಮುಖ್ಯಮಂತ್ರಿಗಳಿಗೇ ಏಪ್ರಿಲ್ 16ರಂದು ಸೋಂಕು ಖಚಿತವಾಯಿತು. ನಮ್ಮ ಹುಡುಗರನ್ನು ಟಂಟಂನಲ್ಲಿ ತುಂಬಿಕೊಂಡು ಹೋದವರು ಅವರಿಗೆ ಜ್ವರ ಬಂದಾಗ ತಿರುಗಿ ನೋಡಲಿಲ್ಲ. ಮೇ 2ರಂದು ಮತ ಎಣಿಸಿದರು. ಒಂದೊಂದು ಮತಕ್ಕೂ ಏಜೆಂಟರ ಕಾವಲು. ಅದೇ ರಾತ್ರಿ ರಾಜ್ಯದ ಇನ್ನೊಂದು ತುದಿಯ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಮುಗಿಯಿತು. ಬೆಳಗಾದ ಮೇಲೆ ಹೊರಬಿದ್ದ ಲೆಕ್ಕ 24 ಸಾವು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಎಂದು ಮಂತ್ರಿಗಳು ಹೇಳಿದರು. ಹೈಕೋರ್ಟು ನೇಮಿಸಿದ ಸಮಿತಿ ಆಕ್ಸಿಜನ್ ಕೊರತೆಯನ್ನೇ ಎತ್ತಿ ಹೇಳಿತು. ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಸರಕಾರ, ಆಕ್ಸಿಜನ್ ಕೊರತೆಯಿಂದ ಸತ್ತರೆಂದು ಯಾವ ರಾಜ್ಯವೂ ವರದಿ ಮಾಡಿಲ್ಲ ಎಂದಿತು. 24, 3, ಸೊನ್ನೆ. ಮತ ಎಣಿಕೆಯಲ್ಲಿ ಹಿಂಗ ಮಾಡಿದ್ದರೆ ಸುಮ್ಮನಿರುತ್ತಿದ್ದರೇನು?

ಬಿಹಾರದಲ್ಲಿ ಹೈಕೋರ್ಟು ಕಿವಿ ಹಿಂಡಿದ ಮೇಲೆ 2021ರ ಜೂನ್ 9ರಂದು 5,458 ಇದ್ದ ಸಾವು ಒಂದೇ ದಿನಕ್ಕೆ 9,429 ಆಯಿತು. ಗುಜರಾತಿನಲ್ಲಿ ಸರಕಾರಿ ಸಾವು 10 ಸಾವಿರದ ಆಸುಪಾಸು, ಪರಿಹಾರ ಮಂಜೂರಾದ ಅರ್ಜಿಗಳು ಅದರ ಹಲವು ಪಟ್ಟು. ನಮ್ಮ ರಾಜ್ಯದ ಲೆಕ್ಕ 40 ಸಾವಿರ ಚಿಲ್ಲರೆಗೆ ನಿಂತಿದೆ. ಸುಪ್ರೀಂ ಕೋರ್ಟಿನ ಒತ್ತಾಯಕ್ಕೆ ಕೊನೆಗೆ ಬಂದದ್ದು 50 ಸಾವಿರ ರೂಪಾಯಿ. ದುಡಿಯುವವರನ್ನು ಕಳಕೊಂಡ ಬಿಪಿಎಲ್ ಮನೆಗೆ ರಾಜ್ಯದ 1 ಲಕ್ಷ. ಇದು ಸಿಗಬೇಕಾದರೆ ಸತ್ತವನು ಕೊರೊನಾದಿಂದಲೇ ಸತ್ತನೆಂದು ಕಾಗದ ಬೇಕು. ಕಾಗದಕ್ಕೆ ಟೆಸ್ಟು ಬೇಕು. ಟೆಸ್ಟಿಗೆ ದವಾಖಾನೆ ಬೇಕು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ನೂರಕ್ಕೆ 45 ಯಾವ ವೈದ್ಯಕೀಯ ಆರೈಕೆಯೂ ಇಲ್ಲದೆ ಆದವು. ಹಿಂದಿನ ವರ್ಷ ಅದು 34.5 ಇತ್ತು. ಕಾರಣವನ್ನು ವೈದ್ಯರು ಬರೆದುಕೊಟ್ಟ ಸಾವು ನೂರಕ್ಕೆ 22.5 ಮಾತ್ರ. ಉಳಿದವರು ಯಾತರಿಂದ ಸತ್ತರು ಎಂಬುದನ್ನು ಯಾರ ಬಾಯಿಂದ ಕೇಳಬೇಕು?

ನಾವು ಕೇಳಲು ಹೊರಟದ್ದು ನಮ್ಮ ಕೇರಿಗಳಲ್ಲೇ. ಕೈಯಲ್ಲಿ ನೂರು ಪುಟದ ಒಂದು ನೋಟುಬುಕ್ಕು. ಹೆಚ್ಚಿನ ಮನೆಗಳಲ್ಲಿ ಸಿಕ್ಕ ಉತ್ತರ ಒಂದೇ, ‘ಟೈಫಾಯಿಡ್ ಅಂದ್ರು’. ಊರಿನ ಡಾಕ್ಟರು ಗ್ಲುಕೋಸು ಏರಿಸಿದ್ದಾನೆ, ಸೂಜಿ ಮಾಡಿದ್ದಾನೆ, ದೊಡ್ಡ ದವಾಖಾನೆಗೆ ಒಯ್ಯಿರಿ ಎಂದಿದ್ದಾನೆ. ಒಯ್ಯಲಿಕ್ಕೆ ಗಾಡಿಯಿಲ್ಲ, ಒಯ್ದರೆ ಹೆಣವನ್ನೂ ಕೊಡುವುದಿಲ್ಲ ಎಂಬ ಹೆದರಿಕೆ ಬೇರೆ. 2020ರ ಜೂನ್ ಕೊನೆಗೆ ಬಳ್ಳಾರಿಯಲ್ಲಿ ಹೆಣಗಳನ್ನು ಒಂದೇ ಕುಣಿಗೆ ಎಸೆದ ವಿಡಿಯೊ ಎಲ್ಲರ ಮೊಬೈಲಿನಲ್ಲಿತ್ತು. ಜಿಲ್ಲಾಡಳಿತ ಕ್ಷಮೆ ಕೇಳಿತು, ಹೆದರಿಕೆ ಮಾತ್ರ ಹೋಗಲಿಲ್ಲ.

ಒಬ್ಬ ತಾಯಿ ತನ್ನ ಕಾಗದದ ಚೀಲ ತಂದು ನಮ್ಮ ಮುಂದೆ ಸುರಿದಳು. ಆಧಾರ್ ಜೆರಾಕ್ಸು, ರೇಷನ್ ಕಾರ್ಡು, ಔಷಧದ ಚೀಟಿ. ಗಂಡ ಸತ್ತದ್ದನ್ನು 21 ದಿನದೊಳಗೆ ಬರೆಸಬೇಕು ಎಂದು ಆಕೆಗೆ ಯಾರೂ ಹೇಳಿರಲಿಲ್ಲ. ಒಂದು ಕಚೇರಿಗೆ ಹೋದರೆ ಇನ್ನೊಂದಕ್ಕೆ ಕಳಿಸಿದರು. ಕೂಲಿ ಬಿಟ್ಟು ತಿರುಗುವುದರೊಳಗೆ ವರ್ಷ ದಾಟಿತು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದಕ್ಕೆ ವಕೀಲ, ಅಫಿಡವಿಟ್ಟು, ಸಾಕ್ಷಿ. ಮರಣ ಪತ್ರ ಇಲ್ಲದ್ದಕ್ಕೆ ವಿಧವಾ ವೇತನವೂ ಇಲ್ಲ. ‘ಸರಕಾರದ ಲೆಕ್ಕದಾಗ ನನ್ನ ಗಂಡ ಇನ್ನೂ ಅದಾನ ತಮ್ಮಾ. ಹಂಗಾದ್ರ ಮನೀಗೆ ಯಾಕ ಬರವಲ್ಲ, ಕೇಳ್ರಿ ಅವರ್ನ’ ಎಂದಳು. ನಕ್ಕಳೋ ಅತ್ತಳೋ ನಮಗೆ ತಿಳಿಯಲಿಲ್ಲ.

ಇಂಥವರ ಸಾವು ಕೊನೆಗೆ ಜನಗಣತಿಯಲ್ಲಾದರೂ ಕಾಣಬೇಕಿತ್ತು, 1921ರಲ್ಲಿ ಕಂಡ ಹಾಗೆ. 2021ರ ಜನಗಣತಿ ನಡೆಯಲೇ ಇಲ್ಲ. 1881ರಿಂದ ಹತ್ತು ವರ್ಷಕ್ಕೊಮ್ಮೆ, ಯುದ್ಧವಿರಲಿ ಪ್ಲೇಗಿರಲಿ, ತಪ್ಪದೆ ನಡೆದ ಎಣಿಕೆ ಅದು. 2025ರ ಜೂನಿನಲ್ಲಿ, 2027ರ ಮಾರ್ಚ್ 1ರ ಹೊತ್ತಿಗೆ ಇದ್ದವರನ್ನು ಎಣಿಸುವುದೆಂದು ಗೆಜೆಟ್ಟಿನಲ್ಲಿ ಹಾಕಿದರು. ಜಾತಿಯನ್ನೂ ಕೇಳುತ್ತಾರಂತೆ. ಬೇಕಾದದ್ದೇ. ಆದರೆ ಆರು ವರ್ಷದಲ್ಲಿ ಹುಟ್ಟಿದವರು ಬೇರೆ, ಗುಳೆ ಹೋದವರು ಬೇರೆ, ಆಮೇಲೆ ಸತ್ತವರು ಬೇರೆ. ಅವರ ನಡುವೆ 2021ರ ಬೇಸಿಗೆಯವರನ್ನು ಹೇಗೆ ಹೆಕ್ಕಿ ತೆಗೆಯುತ್ತಾರೆ? ಧಾತು ಈಶ್ವರ ಬರದಲ್ಲಿ ನಮ್ಮವರಿಗೆ ಹಿಂದಿನ ಎಣಿಕೆ ಇರಲಿಲ್ಲ. ಈ ಸಲ ಬೇಕಾದ ಹೊತ್ತಿಗೆ ಮುಂದಿನ ಎಣಿಕೆ ಬರಲಿಲ್ಲ.

ಅದಕ್ಕೇ ನೋಟುಬುಕ್ಕು. ಸರಕಾರದ ಸೀಲಿಲ್ಲ, ಯಾವ ಕೋರ್ಟಿನಲ್ಲೂ ನಡೆಯದು ಎಂದು ನಮಗೆ ಗೊತ್ತು. ಆ ತಾಯಿಯ ಗಂಡನ ಹೆಸರನ್ನು ಮೊದಲ ಪುಟದಲ್ಲಿ ಬರೆದೆವು. ಹರೆಯದಲ್ಲಿ ಊರಿನ ಸಾವಿನ ಸುದ್ದಿ ಹೊತ್ತು ಹಳ್ಳಿಹಳ್ಳಿ ನಡೆದ ಮನುಷ್ಯ, ಆಮೇಲೆ ‘ಇನ್ನು ಈ ಚಾಕರಿ ಮಾಡಂಗಿಲ್ಲ’ ಎಂದು ಗೌಡರ ಕಟ್ಟೆಯ ಮುಂದೆ ಹಲಗಿ ಇಟ್ಟು ಬಂದವನು.

‘ಎಷ್ಟನೇ ತಾರೀಖು ಯವ್ವಾ?’

‘ತಾರೀಖು ನನಗೇನು ಗೊತ್ತು ತಮ್ಮಾ. ಆ ವರ್ಷ ಬಸವ ಜಯಂತಿನೂ ರಮ್ಜಾನ್ ಹಬ್ಬನೂ ಒಂದೇ ದಿನ ಬಂದಿತ್ತಲ್ಲ, ಅದರ ಮರುದಿನ. ಇನ್ನೂ ಬೆಳಗಾಗಿರಲಿಲ್ಲ.’

ಕ್ಯಾಲೆಂಡರು ತಿರುವಿ ನೋಡಿದೆವು. 2021ರ ಮೇ 14, ಶುಕ್ರವಾರ. ಮರುದಿನ 15 ಎಂದು ಬರೆದುಕೊಂಡೆವು. ಕಾರಣ ಎಂಬ ಕಡೆ ಆಕೆ ಹೇಳಿದ್ದನ್ನೇ ಬರೆದೆವು: ಉಸಿರು ಸಿಗಲಿಲ್ಲ.